ಮೊದಲು ಚಿಪ್, ಆಮೇಲೆ ರೇಬೀಸ್ ಇಂಜೆಕ್ಷನ್: ನಮ್ಮ ಚಿನ್ನುಗೆ ಆದದ್ದು ನಿಮ್ಮ ನಾಯಿಗೆ ಆಗದಿರಲಿ

ನಾಯಿ, ಬೆಕ್ಕು ಕರೆದುಕೊಂಡು ಯೂರೋಪಿಗೆ ಹೋಗುವ ಯೋಚನೆ ಇದ್ದರೆ ದಯವಿಟ್ಟು ಇದನ್ನು ಪೂರ್ತಿ ಓದಿ. ಎರಡು ತಾರೀಖು ಹಿಂದುಮುಂದಾಗಿದ್ದಕ್ಕೆ ನಮ್ಮ ಸಂಸಾರ ನಾಲ್ಕು ತಿಂಗಳು ಎರಡು ದೇಶಗಳಲ್ಲಿ ಹಂಚಿಹೋಯಿತು.

ಕಳೆದ ವರ್ಷ ನಮ್ಮ ಯಜಮಾನರಿಗೆ ಜರ್ಮನಿಯಲ್ಲಿ ಕೆಲಸ ಸಿಕ್ಕಿತು. ಚಿನ್ನುವನ್ನು ಬಿಟ್ಟು ಹೋಗುವ ಮಾತೇ ಇರಲಿಲ್ಲ. ಬೀದಿಯಿಂದ ತಂದು ಸಾಕಿದ ನಾಯಿ, ಏಳು ವರ್ಷದಿಂದ ಮನೆ ಮಗಳ ಹಾಗೆ ಇದೆ. ಹಿಂದೆ ಒಮ್ಮೆ ರೈಲಿನ ಫಸ್ಟ್ ಎಸಿಯಲ್ಲಿ ಅವಳನ್ನು ಬೆಳಗಾವಿಗೆ ಕರೆದುಕೊಂಡು ಹೋಗಿದ್ದೆವು. ಆಗ ಹಿಂದಿನ ದಿನ ಡಾಕ್ಟರ ಹತ್ತಿರ ಫಿಟ್‌ನೆಸ್ ಸರ್ಟಿಫಿಕೇಟ್ ಬರೆಸಿದ್ದೇ ಸಾಕಾಗಿತ್ತು. ಇದೂ ಹಾಗೇ, ಸ್ವಲ್ಪ ಜಾಸ್ತಿ ಕಾಗದ ಇರುತ್ತದೆ ಅಷ್ಟೇ ಅಂದುಕೊಂಡೆವು.

ಹಾಗಲ್ಲ. ಭಾರತದಿಂದ ಯೂರೋಪಿಯನ್ ಒಕ್ಕೂಟದ ದೇಶಗಳಿಗೆ ಹೋಗುವ ನಾಯಿಗೆ ಮೊದಲು ಗುರುತಿಗಾಗಿ ಚರ್ಮದ ಕೆಳಗೆ 15 ಅಂಕಿಯ ಮೈಕ್ರೋಚಿಪ್ ಹಾಕಿಸಬೇಕು. ಅದೇ ದಿನ ಅಥವಾ ಆಮೇಲೆ ರೇಬೀಸ್ ಲಸಿಕೆ. ಲಸಿಕೆ ಹಾಕಿಸಿ ಕನಿಷ್ಠ 30 ದಿನ ಕಳೆದ ಮೇಲೆ ರಕ್ತ ತೆಗೆದು, ಒಕ್ಕೂಟ ಒಪ್ಪಿದ ಲ್ಯಾಬ್‌ಗೆ ಟೈಟರ್ ಟೆಸ್ಟ್‌ಗೆ, ಅಂದರೆ ಲಸಿಕೆಯಿಂದ ರಕ್ತದಲ್ಲಿ ಸಾಕಷ್ಟು ರೋಗನಿರೋಧಕ ಶಕ್ತಿ ಬಂದಿದೆಯೇ ಎಂದು ನೋಡುವ ಪರೀಕ್ಷೆಗೆ, ಕಳಿಸಬೇಕು. ಫಲಿತಾಂಶ 0.5 IU/ml ಅಥವಾ ಅದಕ್ಕಿಂತ ಜಾಸ್ತಿ ಬರಬೇಕು. ರಕ್ತ ತೆಗೆದ ದಿನದಿಂದ ಇನ್ನೂ ಮೂರು ತಿಂಗಳು ಕಾಯಬೇಕು. ಇಷ್ಟೂ ಆದ ಮೇಲೆ, ಅಲ್ಲಿಗೆ ತಲುಪುವ ದಿನಕ್ಕೆ ಹತ್ತು ದಿನದೊಳಗೆ ಸರ್ಕಾರಿ ಪಶುವೈದ್ಯರು ಸಹಿ ಹಾಕಿದ ಹೆಲ್ತ್ ಸರ್ಟಿಫಿಕೇಟ್ ಇರಬೇಕು.

ನಾವು ಹೋಗುತ್ತಿದ್ದ ಕ್ಲಿನಿಕ್‌ನಲ್ಲಿ ಇದನ್ನೆಲ್ಲ ಕೇಳಿದೆ. "ನಾವು ತುಂಬಾ ನಾಯಿಗಳನ್ನು ಕಳಿಸಿದ್ದೀವಿ ಮೇಡಂ, ಟೆನ್ಶನ್ ತಗೋಬೇಡಿ" ಅಂದರು. ಜನವರಿ 12ಕ್ಕೆ ಲಸಿಕೆ ಚುಚ್ಚಿದರು. ಆ ದಿನ ಚಿಪ್ ಸ್ಟಾಕ್ ಇರಲಿಲ್ಲ. ಫೆಬ್ರವರಿ 3ಕ್ಕೆ ಬನ್ನಿ ಅಂದರು, ಹೋದೆವು. ಫೆಬ್ರವರಿ 20ಕ್ಕೆ ರಕ್ತ ತೆಗೆದರು. ರಿಪೋರ್ಟ್ ಚೆನ್ನಾಗಿಯೇ ಬಂತು. ಜೂನ್ 5ಕ್ಕೆ ಟಿಕೆಟ್ ಮಾಡಿಸಿ, ಬಾಡಿಗೆ ಮನೆ ಖಾಲಿ ಮಾಡುತ್ತೇವೆ ಎಂದು ಓನರ್‌ಗೆ ಹೇಳಿ, ಮಗಳ ಟಿಸಿಯನ್ನೂ ತೆಗೆದುಕೊಂಡೆವು.

ಮೇ 28ಕ್ಕೆ ಸರ್ಟಿಫಿಕೇಟ್‌ಗೆ ಕಾಗದಪತ್ರ ಕೊಟ್ಟೆ. ಅಧಿಕಾರಿ ಚಿನ್ನುವಿನ ಲಸಿಕೆ ಪುಸ್ತಕ ತೆರೆದರು. ಲಸಿಕೆ ಸ್ಟಿಕರ್ ಪಕ್ಕ ನೀಲಿ ಪೆನ್ನಿನಲ್ಲಿ 12/1 ಎಂದಿತ್ತು. ಮುಂದಿನ ಪುಟದಲ್ಲಿ ಚಿಪ್‌ನ ಬಾರ್‌ಕೋಡ್ ಸ್ಟಿಕರ್, ಕೆಳಗೆ 3/2. ಅವರು ಎರಡು ಪುಟವನ್ನೂ ಎರಡು ಸಲ ತಿರುಗಿಸಿ ನೋಡಿದರು. "ಚಿಪ್‌ಗಿಂತ ಮುಂಚೆ ಹಾಕಿದ ಲಸಿಕೆ ಲೆಕ್ಕಕ್ಕೆ ಬರಲ್ಲಮ್ಮ. ಯಾವ ನಾಯಿಗೆ ಹಾಕಿದ್ದು ಅನ್ನೋದಕ್ಕೆ ಗುರುತೇ ಇಲ್ಲವಲ್ಲ" ಅಂದರು. ಲಸಿಕೆ ಲೆಕ್ಕಕ್ಕಿಲ್ಲ ಅಂದರೆ ಟೈಟರ್ ಟೆಸ್ಟೂ ಇಲ್ಲ. ಅವರು ಹೇಳಿದ್ದು ಸರಿಯೇ ಇತ್ತು, ಅದಕ್ಕೇ ಇನ್ನೂ ಸಂಕಟವಾಯಿತು.

ಸೀದಾ ಕ್ಲಿನಿಕ್‌ಗೆ ಹೋದೆ. ಕ್ಷಮೆ ಕೇಳುತ್ತಾರೆ ಅಂದುಕೊಂಡಿದ್ದೆ. "ಬೇರೆ ಪುಸ್ತಕ ಕೊಡ್ತೀವಿ, ಚಿಪ್ ಹಾಕಿದ್ದು ಜನವರಿ 10 ಅಂತ ಬರೆದುಬಿಡೋಣ" ಅಂದರು! ಮೈಯೆಲ್ಲ ಉರಿದುಹೋಯಿತು. ಯಾರಾದರೂ ನಿಮಗೆ ಹೀಗೆ ಹೇಳಿದರೆ ದಯವಿಟ್ಟು ಒಪ್ಪಬೇಡಿ. ಕಾಗದ ಸರಿಯಿಲ್ಲ ಎಂದು ಅಲ್ಲಿ ಗೊತ್ತಾದರೆ ನಾಯಿಯನ್ನು ವಾಪಸ್ ಕಳಿಸಬಹುದು, ಇಲ್ಲವೇ ನಮ್ಮ ಖರ್ಚಿನಲ್ಲಿ ಕ್ವಾರಂಟೈನ್‌ನಲ್ಲಿ ಇಡಬಹುದು. ಎರಡೂ ಆಗದಿದ್ದರೆ ಕೊನೆಗೆ ಸಾಯಿಸುವುದಕ್ಕೂ ಅವರ ಕಾನೂನಿನಲ್ಲಿ ಅವಕಾಶವಿದೆ. ತಪ್ಪು ಕ್ಲಿನಿಕ್‌ನದು, ಪ್ರಾಣ ಚಿನ್ನುವಿನದು.

ಮೇ 29ಕ್ಕೆ ಬೇರೆ ಡಾಕ್ಟರ ಹತ್ತಿರ ಹೊಸದಾಗಿ ಲಸಿಕೆ ಹಾಕಿಸಿದೆ. ಇವರು ಮೊದಲು ಸ್ಕ್ಯಾನರನ್ನು ಅವಳ ಕುತ್ತಿಗೆ ಮೇಲೆ ಆಡಿಸಿದರು. ಬೀಪ್ ಅಂದ ಮೇಲೆ ಒಂದೊಂದೇ ಅಂಕಿ ಜೋರಾಗಿ ಓದಿದರು, ನಾನು ಪುಸ್ತಕ ನೋಡಿ ತಾಳೆ ಹಾಕಿದೆ. ಆಮೇಲೆ ಸೂಜಿ. ಜುಲೈ 1ಕ್ಕೆ ರಕ್ತ ತೆಗೆಸಿದಾಗಲೂ ಹಾಗೇ ಮಾಡಿದರು. ಹಳೇ ಕ್ಲಿನಿಕ್‌ನಲ್ಲಿ ಒಂದು ದಿನವೂ ಚಿಪ್ ಓದಿಸಿರಲಿಲ್ಲ.

ಯಜಮಾನರು ಜೂನ್ 5ಕ್ಕೆ ಒಬ್ಬರೇ ಹೋದರು. ನಾನು, ಮಗಳು, ಚಿನ್ನು ತುಮಕೂರಿನ ಅಮ್ಮನ ಮನೆಯಲ್ಲಿ ಉಳಿದೆವು. ನಾಯಿಯನ್ನು ಆಮೇಲೆ ಯಾರ ಜೊತೆಗಾದರೂ ಕಳಿಸೋಣ ಅಂದರೆ ಅದಕ್ಕೂ ನಿಯಮ ಅಡ್ಡ. ಸಾಕಿದವರ ಪ್ರಯಾಣಕ್ಕೂ ನಾಯಿಯ ಪ್ರಯಾಣಕ್ಕೂ ಐದು ದಿನಕ್ಕಿಂತ ಜಾಸ್ತಿ ಅಂತರ ಇದ್ದರೆ ವ್ಯಾಪಾರದ ಪ್ರಾಣಿಗಳ ನಿಯಮ ಹಾಕುತ್ತಾರೆ. "ಅಪ್ಪ ಯಾವಾಗ ಬರ್ತಾರೆ" ಎಂದು ಮಗಳು ದಿನಾ ಕೇಳುತ್ತಿದ್ದಳು. ಕೊನೆಗೆ ಮೂವರೂ ವಿಮಾನ ಹತ್ತಿದ್ದು ಅಕ್ಟೋಬರ್ 8ಕ್ಕೆ.

ಇವತ್ತೇ ನಿಮ್ಮ ನಾಯಿಯ ಪುಸ್ತಕ ತೆಗೆದು ಎರಡೂ ತಾರೀಖು ನೋಡಿ. ಚಿಪ್ ಹಾಕಿಸಿಲ್ಲದಿದ್ದರೆ, ಲಸಿಕೆ ಈ ವರ್ಷದ್ದೇ ಆಗಿದ್ದರೂ, ಚಿಪ್ ಹಾಕಿಸಿ ಮತ್ತೆ ಲಸಿಕೆ ಹಾಕಿಸಬೇಕಾಗುತ್ತದೆ. ಅಲ್ಲಿಂದ ನಾಲ್ಕು ತಿಂಗಳ ಮೇಲೆ ಸ್ವಲ್ಪ ದಿನ ಸೇರಿಸಿಕೊಂಡು ಆಮೇಲೆ ಟಿಕೆಟ್ ಮಾಡಿಸಿ. ಬೆಕ್ಕಿಗೂ ಇದೇ ನಿಯಮ.