ತೊಗರಿ ಹಳದಿ ಬಿದ್ದರೆ ಎಐ ಆ್ಯಪ್ ಕೇಳಬೇಕಾ, ಕೃಷಿ ವಿಜ್ಞಾನ ಕೇಂದ್ರಕ್ಕೆ ಹೋಗಬೇಕಾ?

ಆ್ಯಪ್‌ನ ಅನುಕೂಲ ಗೊತ್ತೇ ಇದೆ. ಹೊಲದಲ್ಲೇ ನಿಂತು ಫೋಟೊ ಹೊಡೆದರೆ ಸಾಕು, ರೋಗದ ಹೆಸರು ಬರುತ್ತದೆ. ಸಾವಿರಾರು ಎಲೆಗಳ ಫೋಟೊ ನೋಡಿ ಕಲಿತಿರುವುದರಿಂದ ಕಣ್ಣಿಗೆ ಕಾಣುವ ತೊಂದರೆಗೆ ಚೆನ್ನಾಗಿದೆ. ಕಾಯಿಕೊರಕ ಹುಳ, ಎಲೆ ಚುಕ್ಕೆ ಇಂಥದ್ದಕ್ಕೆ ಕಲಬುರಗಿವರೆಗೆ ಬಸ್ ಹತ್ತುವುದು ಸುಮ್ನೆ ದಂಡ.

ನೆಟೆ ರೋಗದ ಕಥೆ ಬೇರೆ. 2022ರಲ್ಲಿ ನಮ್ಮ ಜಿಲ್ಲೆಯ ತೊಗರಿ ನಿಂತಲ್ಲೇ ಒಣಗಿದ್ದು ನೆನಪಿದೆ ಅಲ್ವಾ? ಅದರ ಶಿಲೀಂಧ್ರ ಇರುವುದು ಮಣ್ಣಿನಲ್ಲಿ, ಹತ್ತುವುದು ಬೇರಿನಿಂದ. ಎಲೆಯ ಫೋಟೊದಲ್ಲಿ ಬರೀ ಹಳದಿ ಕಾಣುತ್ತದೆ. ಕಪ್ಪು ಮಣ್ಣಿನಲ್ಲಿ ಮಳೆ ನೀರು ನಿಂತರೂ ಅದೇ ಹಳದಿ! ಹೋದ ವರ್ಷ ನನ್ನ ಫೋನು ನೆಟೆ ಎಂದಿತು. ಗಿಡ ಕಿತ್ತು, ಕಾಂಡ ಸೀಳಿ ನೋಡಿದೆ. ಒಳಗೆ ನೆಟೆಯ ಗುರುತಾದ ಕಂದು-ಕಪ್ಪು ಗೆರೆ ಇರಲಿಲ್ಲ, ಬೆಳ್ಳಗಿತ್ತು. ಬದು ಒಡೆದು ನಿಂತ ನೀರು ಹೊರಗೆ ಬಿಟ್ಟೆ, ಅಷ್ಟೇ.

ಕೇಂದ್ರದವರು ಮೊದಲು ಕೇಳುವುದೇ ಬೇರು, ಕಾಂಡ. ಹೋದ ಸಲ ಏನು ಬಿತ್ತಿದ್ದಿರಿ ಅಂತಲೂ ಕೇಳುತ್ತಾರೆ. ನೆಟೆ ತಡೆಯುವ ಟಿಎಸ್-3ಆರ್‌ನಂಥ ತಳಿಯ ಮಾತೂ ಅಲ್ಲೇ ಆಗುತ್ತದೆ. ಆದರೆ ಒಂದು ದಿನದ ಕೂಲಿ ಹೋಗುತ್ತದೆ, ಭಾನುವಾರ ಬಾಗಿಲು ಹಾಕಿರುತ್ತದೆ.

ನಾನಾದರೆ ಹುಳಕ್ಕೆ ಫೋನು, ಒಣಗುವ ಗಿಡಕ್ಕೆ ಕೇಂದ್ರ. ಔಷಧಿ ಎಷ್ಟು ಹಾಕಬೇಕು ಅನ್ನುವುದನ್ನು ಮಾತ್ರ ಚಾಟ್‌ಬಾಟ್ ಮಾತು ನಂಬಿ ಅಳೆಯಬೇಡಿ. ಡಬ್ಬಿ ಮೇಲಿನ ಚೀಟಿ ಓದಿ.