ಉಸಿರು, ಬಾಡಿ ಸ್ಕ್ಯಾನ್, ಇಷ್ಟಲಿಂಗ: ಯಾವ ಸಂಕಟಕ್ಕೆ ಯಾವುದು?

ನಾನು ಕಲಬುರಗಿಯ ಒಂದು ದಾಲ್ ಮಿಲ್‌ನಲ್ಲಿ ಲೆಕ್ಕ ಬರೆಯುತ್ತೇನೆ. ತೊಗರಿ ಸೀಸನ್ ಶುರುವಾದರೆ ಫೋನು ನಿಲ್ಲುವುದಿಲ್ಲ. ಅದೇ ಗದ್ದಲದ ನಡುವೆ ಅಪ್ಪ ತೀರಿಕೊಂಡರು. ಸಿಟ್ಟು, ನಿದ್ದೆಗೇಡು, ದುಃಖ ಮೂರೂ ಒಟ್ಟಿಗೆ ಮೈಮೇಲೆ ಬಿದ್ದವು. ಆಗಿನಿಂದ ಧ್ಯಾನದ ಮೂರು ದಾರಿ ಹಿಡಿದು ನೋಡಿದ್ದೇನೆ. ಯಾವುದು ಬೆಸ್ಟ್ ಅಂತ ಕೇಳುವವರಿಗೆ ನಾನು ಮೊದಲು ಕೇಳುವುದು, ಯಾವ ಸಂಕಟಕ್ಕೆ ಅಂತ.

ಸಿಟ್ಟಿಗೆ ಉಸಿರು ನೋಡುವುದೇ ಸರಿ. ನಾನು ಕಲಿತದ್ದು ವಿಪಶ್ಯನದ 10 ದಿನದ ಶಿಬಿರದಲ್ಲಿ. ಎಸ್. ಎನ್. ಗೋಯೆಂಕಾ ಅವರು ಬರ್ಮಾದಲ್ಲಿ ಕಲಿತು 1969ರಿಂದ ಭಾರತದಲ್ಲಿ ಹೇಳಿಕೊಟ್ಟ ಪದ್ಧತಿ ಇದು. ಬೆಳಗಿನ ಜಾವ 4ಕ್ಕೆ ಗಂಟೆ, ಮಾತಿಲ್ಲ, ಫೋನಿಲ್ಲ, ಫೀಸೂ ಇಲ್ಲ. ಮೊದಲ ಮೂರು ದಿನ ಬರೀ ಆನಾಪಾನ, ಅಂದರೆ ಮೂಗಿನ ಹತ್ತಿರ ಬಂದು ಹೋಗುವ ಉಸಿರನ್ನು ಸುಮ್ನೆ ನೋಡುತ್ತಾ ಕೂರುವುದು. ಈಗ ವ್ಯಾಪಾರಿಯೊಬ್ಬರು ತೂಕ ಕಡಿಮೆ ಬಂತು ಅಂತ ಫೋನಿನಲ್ಲಿ ಕಿರುಚಿದರೆ ಮೊದಲು ನನ್ನ ಕಿವಿ ಬಿಸಿಯಾಗುವುದು ಗೊತ್ತಾಗುತ್ತದೆ, ಆಮೇಲೆ ದವಡೆ ಬಿಗಿಯುವುದು, ಆಮೇಲೆ ಉಸಿರು ಗಿಡ್ಡವಾಗುವುದು, ಇಷ್ಟು ನೋಡುವಷ್ಟರಲ್ಲಿ ಬಾಯಿಗೆ ಬಂದಿದ್ದ ಮಾತು ಅಲ್ಲೇ ನಿಂತಿರುತ್ತದೆ.

ಆದರೆ ದುಃಖಕ್ಕೆ ಇದು ನನಗೆ ಆಗಲಿಲ್ಲ. ಕಣ್ಣು ಮುಚ್ಚಿದರೆ ಆಸ್ಪತ್ರೆಯ ಮಂಚವೇ ಎದುರಿಗೆ ಬರುತ್ತಿತ್ತು. ಕೆಲವರಿಗೆ ಧ್ಯಾನದಿಂದಲೇ ಗಾಬರಿ ಜಾಸ್ತಿ ಆಗುವುದುಂಟು. ಶಿಬಿರದ ಅರ್ಜಿಯಲ್ಲಿ ಮಾನಸಿಕ ಆರೋಗ್ಯದ ಬಗ್ಗೆ ಕೇಳುತ್ತಾರೆ, ಅಲ್ಲಿ ಏನನ್ನೂ ಮುಚ್ಚಿಡಬೇಡಿ.

ನಿದ್ದೆಗೆ ಬಾಡಿ ಸ್ಕ್ಯಾನ್, ಅಂದರೆ ಮೈಯ ಒಂದೊಂದು ಭಾಗವನ್ನೇ ಸುಮ್ನೆ ಗಮನಿಸುತ್ತಾ ಹೋಗುವುದು. ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಕಾಲೇಜಿನಲ್ಲಿ ಜಾನ್ ಕಬಾಟ್-ಝಿನ್ 1979ರಲ್ಲಿ ಶುರುಮಾಡಿದ 8 ವಾರದ ಕಾರ್ಯಕ್ರಮದಲ್ಲಿ ಇದೂ ಒಂದು ಭಾಗ. ಅಲ್ಲಿ ಇದನ್ನು ಎಚ್ಚರವಾಗಿದ್ದು ಮಾಡಬೇಕು ಅನ್ನುತ್ತಾರೆ. ನನಗೆ ಬೇಕಾದದ್ದು ನಿದ್ದೆ, ಹಾಗಾಗಿ ನಿದ್ದೆ ಬಂದರೆ ಬರಲಿ ಅಂತ ಬಿಡುತ್ತೇನೆ. ಆ್ಯಪ್‌ನ ಇಂಗ್ಲಿಷ್ ಆಡಿಯೋ ಕೇಳುವಾಗ ತಲೆ ಅರ್ಥ ಮಾಡಿಕೊಳ್ಳುವುದರಲ್ಲೇ ಇರುತ್ತಿತ್ತು. ಅದಕ್ಕೆ ನಾನೇ ಕನ್ನಡದಲ್ಲಿ ರೆಕಾರ್ಡ್ ಮಾಡಿಕೊಂಡೆ: ಎಡಗಾಲಿನ ಹೆಬ್ಬೆರಳು, ಅಂಗಾಲು, ಹಿಮ್ಮಡಿ, ಮೀನಖಂಡ, ಮೊಣಕಾಲು, ಹೀಗೆ ನಿಧಾನಕ್ಕೆ ನೆತ್ತಿಯವರೆಗೆ. ನಮ್ಮ ಬೇಸಿಗೆಯಲ್ಲಿ ಕರೆಂಟ್ ಹೋಗಿ ಕೂಲರ್ ನಿಂತ ರಾತ್ರಿಯಲ್ಲೂ ಮಾಳಿಗೆ ಮೇಲೆ ಮಲಗಿ ಇದನ್ನು ಕೇಳಿದರೆ ಸೊಂಟಕ್ಕೆ ಬರುವಷ್ಟರಲ್ಲಿ ಕಣ್ಣು ಎಳೆಯುತ್ತದೆ. ಹಗಲು ಆಫೀಸಿನಲ್ಲಿ ಮಾತ್ರ ಇದರಿಂದ ಉಪಯೋಗವಿಲ್ಲ.

ದುಃಖಕ್ಕೆ ದಾರಿ ತೋರಿಸಿದವಳು ಅವ್ವ. "ಕಣ್ ಮುಚ್ಚಿದ್ರ ಚಿಂತಿ ಹೆಚ್ಚಾಗ್ತದ, ಲಿಂಗಾ ನೋಡ್ಕೋತ ಕೂಡು" ಅಂದಳು. ಇಷ್ಟಲಿಂಗವನ್ನು ಎಡ ಅಂಗೈಯಲ್ಲಿಟ್ಟುಕೊಂಡು ದೃಷ್ಟಿ ನಿಲ್ಲಿಸುವುದು ನಮ್ಮ ಮನೆಯಲ್ಲಿ ದಿನಾ ನಡೆಯುವ ಪೂಜೆ, ನಾನೇ ಬಿಟ್ಟಿದ್ದೆ. ಕಪ್ಪು ಲಿಂಗದ ಮೇಲೆ ದೀಪದ ಬೆಳಕು ಒಂದು ಸಣ್ಣ ಚುಕ್ಕಿಯಾಗಿ ಕೂತಿರುತ್ತದೆ. ನೋಡುವುದು ಅದನ್ನೇ. ಅಳು ಬರುತ್ತದೆ, ಬರಲಿ, ಆದರೆ ಕಣ್ಣಿಗೆ ನಿಲ್ಲಲು ಒಂದು ಜಾಗ ಇರುವುದರಿಂದ ಮನಸ್ಸು ಆ ಮಂಚದ ಹತ್ತಿರ ಓಡುವುದಿಲ್ಲ. ಕೈ ನೋಯುತ್ತದೆ, ಮೊಣಕೈ ತೊಡೆಗೆ ಆನಿಸಿಕೊಳ್ಳಿ. ಲಿಂಗಧಾರಿಗಳಲ್ಲದವರು ದೀಪದ ಕುಡಿ ನೋಡಬಹುದು. ನನ್ನ ಗೆಳೆಯನೊಬ್ಬ ನಮ್ಮೂರ ವಿಶ್ವವಿದ್ಯಾಲಯದ ಹತ್ತಿರದ ಬುದ್ಧ ವಿಹಾರಕ್ಕೆ ಹೋಗಿ ಮೂರ್ತಿ ನೋಡುತ್ತಾ ಕೂರುತ್ತಾನೆ, ಅವನಿಗೂ ಕಣ್ಣು ತೆರೆದು ಕೂರುವುದೇ ಹಿಡಿಸಿದೆ.

ಸಿಟ್ಟು ನೆತ್ತಿಗೇರಿದಾಗ ಮಾತ್ರ ಲಿಂಗ ಹಿಡಿದು ಕೂರುವುದು ನನ್ನಿಂದಾಗದು. ಆಗ ನಮ್ಮೂರಿನ 'ಅಪ್ಪನ ಕೆರೆ' ಅನ್ನುವ ಕೆರೆಯ ಕಡೆ ಜೋರಾಗಿ ನಡೆದು, ಉಸಿರು ಹದಕ್ಕೆ ಬಂದ ಮೇಲೆ ಕೂರುತ್ತೇನೆ.

ವಾರಗಟ್ಟಲೆ ನಿದ್ದೆ ಇಲ್ಲ, ಬದುಕೇ ಬೇಡ ಅನ್ನಿಸುತ್ತಿದೆ ಅಂದರೆ ಈ ಮೂರರಲ್ಲಿ ಯಾವುದು ಅಂತ ಹುಡುಕುತ್ತಾ ಕೂರಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ ಫೋನ್ ಮಾಡಿ, 14416. ದುಡ್ಡಿಲ್ಲ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡುತ್ತಾರೆ.