ಕ್ಯಾಂಪರ್ (ಒಳಗೇ ಮಲಗಿ ಊರೂರು ತಿರುಗುವ ಗಾಡಿ) ಮಾಡಲು ಹಳೆ ಓಮ್ನಿ: ಕಾಸರಗೋಡಿನ ಮಳೆ, ಉಪ್ಪುಗಾಳಿಗೆ ತಾಳೀತೇ?

ತಾಳುತ್ತದೆ, ಆದರೆ ಬಾಡಿ ನೋಡಿ ಕೊಂಡಿರಬೇಕು. 1984ರಲ್ಲಿ ಮಾರುತಿ ವ್ಯಾನ್ ಹೆಸರಿನಲ್ಲಿ ಬಂದು, 1988ರಲ್ಲಿ ಓಮ್ನಿಯಾಗಿ, 2019ರಲ್ಲಿ ನಿಂತುಹೋದ ಈ ಗಾಡಿಯ 796 ಸಿಸಿ ಎಂಜಿನ್ ದೊಡ್ಡ ತಲೆನೋವಲ್ಲ. ಮೂರು ಸಿಲಿಂಡರ್, ಸರಳ ಕಟ್ಟು. ಬಿಚ್ಚಿ ಜೋಡಿಸಬಲ್ಲ ಮೆಕ್ಯಾನಿಕ್ ಮಂಜೇಶ್ವರದಿಂದ ಕಾಞಂಗಾಡಿನವರೆಗೆ ಎಲ್ಲಿಯೂ ಸಿಗುತ್ತಾರೆ. ಕೊಳೆತ ತಗಡು ಮಾತ್ರ ಕಿಸೆ ಖಾಲಿ ಮಾಡುತ್ತದೆ.

ಹಾಗಾಗಿ ಮೊದಲು ಕೇಳಬೇಕಾದ್ದು, ಗಾಡಿ ಇಷ್ಟು ದಿನ ಏನು ಹೊತ್ತಿತ್ತು ಎಂದು. ಮೀನು ಹೊತ್ತ ಓಮ್ನಿ ಬೇಡವೇ ಬೇಡ. ಐಸ್ ಕರಗಿದ ಉಪ್ಪುನೀರು ಮ್ಯಾಟಿನ ಅಡಿಗಿಳಿದು ಹಿಂದಿನ ನೆಲವನ್ನು ಒಳಗಿಂದೊಳಗೇ ತಿಂದಿರುತ್ತದೆ. ಎಷ್ಟು ತೊಳೆದರೂ ವಾಸನೆ ಹೋಗದು, ಮತ್ತೆ ಅದರಲ್ಲೇ ಮಲಗುವುದು ನೀವು. ಬದಿಯಡ್ಕ, ಮುಳ್ಳೇರಿಯ ಕಡೆ ಅಡಿಕೆ, ಗೊಬ್ಬರ ಹೊತ್ತ ಗಾಡಿಯಾದರೆ ಹಿಂದಿನ ಲೀಫ್ ಪ್ಲೇಟುಗಳು (ಭಾರ ಹೊರುವ ಉಕ್ಕಿನ ಪಟ್ಟಿ ಸ್ಪ್ರಿಂಗುಗಳು) ಬಗ್ಗಿರುತ್ತವೆ, ಕ್ಲಚ್ ಸವೆದಿರುತ್ತದೆ. ಇವೆರಡನ್ನೂ ಬದಲಾಯಿಸಬಹುದು. ಕಡಲ ಬದಿಯ ಗಾಡಿಗಿಂತ ಒಳನಾಡಿನದ್ದೇ ವಾಸಿ.

ನೋಡಲು ಹೋಗುವಾಗ ಒಂದು ಅಯಸ್ಕಾಂತ, ತೆಳು ಬಟ್ಟೆ, ಟಾರ್ಚ್, ಸ್ಕ್ರೂಡ್ರೈವರ್ ಇರಲಿ. ಅಯಸ್ಕಾಂತವನ್ನು ಬಟ್ಟೆಯಲ್ಲಿ ಸುತ್ತಿ ಜಾರು ಬಾಗಿಲಿನ ಕೆಳಗಿನ ಅಂಚು, ಚಕ್ರದ ಮೇಲಿನ ಮಡ್ಗಾರ್ಡ್, ಡಿಕ್ಕಿ ಬಾಗಿಲಿನ ತಳ, ಇಷ್ಟರ ಮೇಲೆ ಎಳೆಯಿರಿ. ಹಿಡಿತ ಸಡಿಲಿದರೆ ಅಲ್ಲಿ ತಗಡಿನ ಬದಲು ಪುಟ್ಟಿ ಇದೆ. ಹೊಸ ಪೇಂಟ್ ಹೊಡೆದ ಓಮ್ನಿ ಎಂದರೆ ಹೊರಗೆ ಥಳುಕು, ಒಳಗೆ ಹುಳುಕು ಎಂದೇ ಹಿಡಿದು ಹುಡುಕಿ. ಆಮೇಲೆ ಮ್ಯಾಟ್ ಎತ್ತಿಸಿ. ಮಾರುವವರು ಬೇಡ ಎಂದರೆ ಉತ್ತರ ಅಲ್ಲೇ ಸಿಕ್ಕಿತಲ್ಲ ಮಾರಾಯ್ರೆ. ಗಾಡಿಯಡಿಗೆ ನುಗ್ಗಿ ಲೀಫ್ ಪ್ಲೇಟ್ ಚಾಸಿಗೆ ಕೂಡುವ ಜಾಗವನ್ನು ಸ್ಕ್ರೂಡ್ರೈವರ್ ಹಿಡಿಯಿಂದ ಬಡಿಯಿರಿ. ಗಟ್ಟಿ ತಗಡು ಟಣ್ ಎನ್ನುತ್ತದೆ. ಡಬ್ ಎಂದು ಮಂದ ಸದ್ದು ಬಂದು ಪದರ ಪದರವಾಗಿ ತುಕ್ಕು ಉದುರಿದರೆ ಆ ಗಾಡಿಯನ್ನು ಅಲ್ಲಿಗೇ ಬಿಟ್ಟುಬಿಡಿ.

ಎಂಜಿನ್ ಮುಂದಿನ ಸೀಟಿನ ಅಡಿಯಲ್ಲಿದೆ. ಸೀಟು ಎತ್ತಿ, ಎಂಜಿನ್ ತಣ್ಣಗಿರುವಾಗಲೇ ಆಯಿಲ್ ಮುಚ್ಚಳ ಬಿಚ್ಚಿ. ಒಳಗೆ ಹಾಲುಬಣ್ಣದ ಕೆನೆ ಇದ್ದರೆ ಹೆಡ್ ಗ್ಯಾಸ್ಕೆಟ್ (ಎಂಜಿನ್ ತಲೆಭಾಗದ ಸೀಲು) ಹೋಗಿರಬಹುದು. ಟೈಮಿಂಗ್ ಬೆಲ್ಟ್ ಯಾವಾಗ ಹಾಕಿದ್ದೆಂಬ ಬಿಲ್ ಇಲ್ಲದಿದ್ದರೆ ಹೊಸತೇ ಹಾಕಿಸಿ. ಎಂಜಿನ್ ಮುಚ್ಚಳದ ಸುತ್ತಲಿನ ರಬ್ಬರ್ ಒಡೆದಿದ್ದರೆ ಬಿಸಿಯೂ ಹೊಗೆಯೂ ಒಳಗೇ ಬರುತ್ತವೆ. ಮಲಗುವ ಗಾಡಿಯಲ್ಲಿ ಇದನ್ನು ಸಣ್ಣ ವಿಷಯವೆಂದು ಬಿಡಬಾರದು. ಕಾರ್ಬುರೇಟರ್ ಮಾದರಿಗಿಂತ ನಂತರದ ಎಂಪಿಎಫ್‌ಐ (ಇಂಜೆಕ್ಟರಿನಿಂದ ಪೆಟ್ರೋಲ್ ಸಿಂಪಡಿಸುವ ಮಾದರಿ) ಒಳ್ಳೆಯದು. ಈಗಿನ ಶೇ. 20 ಎಥನಾಲ್ ಬೆರೆತ ಪೆಟ್ರೋಲಿಗೆ ಹಳೆ ರಬ್ಬರ್ ಪೈಪು, ಗ್ಯಾಸ್ಕೆಟ್ ತಾಳುವುದಿಲ್ಲ, ಆದ್ದರಿಂದ ಪೈಪುಗಳನ್ನೆಲ್ಲ ಒಮ್ಮೆಲೇ ಬದಲಿಸಿ. ಮಳೆಗಾಲವಿಡೀ ನಿಲ್ಲಿಸುವುದಿದ್ದರೆ ಕಾರ್ಬುರೇಟರ್ ಬರಿದು ಮಾಡಿ ನಿಲ್ಲಿಸಿ. ಪಾಣತ್ತೂರಿನಿಂದ ಭಾಗಮಂಡಲಕ್ಕೋ ರಾಣಿಪುರಕ್ಕೋ ಹತ್ತಿಸುವವರು ರೇಡಿಯೇಟರ್ ಫ್ಯಾನ್ ತಾನಾಗಿ ತಿರುಗುತ್ತದೆಯೇ ಎಂದು ಮೊದಲೇ ನೋಡಿಕೊಳ್ಳಬೇಕು.

ಕಾಗದದ ವಿಷಯ. ಖಾಸಗಿ ಕಾರಿನ ಆರ್‌ಸಿ (ನೋಂದಣಿ ಪತ್ರ) 15 ವರ್ಷಕ್ಕೆ, ಆಮೇಲೆ 5 ವರ್ಷಕ್ಕೊಮ್ಮೆ ನವೀಕರಣ. 600 ರೂಪಾಯಿಯಿದ್ದ ಶುಲ್ಕ 2022ರ ಏಪ್ರಿಲ್‌ನಲ್ಲಿ 5,000 ಆಯಿತು. 2025ರ ಆಗಸ್ಟಿನಲ್ಲಿ 20 ವರ್ಷ ದಾಟಿದ ಕಾರಿಗೆ 10,000. ಮಂಗಳೂರಿನ ಕೆಎ-19 ಗಾಡಿ ಅಗ್ಗವೆಂದು ತಲಪಾಡಿ ದಾಟಿಸಿ ತರುವವರು ಎನ್‌ಒಸಿ (ಅಲ್ಲಿನ ಆರ್‌ಟಿಒ ಕೊಡುವ ನಿರಾಕ್ಷೇಪಣಾ ಪತ್ರ), ಕೇರಳದ ತೆರಿಗೆ ಎರಡನ್ನೂ ಲೆಕ್ಕಕ್ಕೆ ಹಿಡಿಯಲಿ. 12 ತಿಂಗಳಿಗಿಂತ ಹೆಚ್ಚು ಇಲ್ಲಿಟ್ಟರೆ ಕಾಸರಗೋಡಿನ ಕೆಎಲ್-14 ನಂಬರ್ ಆಗಲೇಬೇಕು. ‘ವಿಂಟೇಜ್’ ಎಂದು ಬೆಲೆ ಏರಿಸುವವರ ಮಾತಿಗೆ ಕಿವಿಗೊಡಬೇಡಿ. 2021ರ ಕೇಂದ್ರ ನಿಯಮದ ಪ್ರಕಾರ ಅದಕ್ಕೆ 50 ವರ್ಷ ಆಗಿರಬೇಕು, ಅಂದರೆ ಮೊತ್ತಮೊದಲ ಓಮ್ನಿಗೂ 2034ರವರೆಗೆ ಆ ಪಟ್ಟ ಇಲ್ಲ.

ಇನ್ನು ಒಳಗಿನ ಕೆಲಸ. ಮಾಡು (ಛಾವಣಿ) ಕೊರೆಯುವುದು, ಹೊಸ ಕಿಟಕಿ ಕೂರಿಸುವುದು ಬೇಡ. ಗಾಡಿಯ ಮೂಲ ರೂಪ ಬದಲಿಸಬಾರದೆನ್ನುವ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಇದೆ, ಸಾಲದ್ದಕ್ಕೆ ವರ್ಷಕ್ಕೆ 3,500 ಮಿ.ಮೀ. ಆಸುಪಾಸು ಸುರಿಯುವ ಮಳೆ ಇದೆ. ಮಂಚವನ್ನು ಸೀಟಿನ ಹಳೆ ಬೋಲ್ಟ್ ತೂತುಗಳಿಗೇ ಬಿಗಿಯುವಂತೆ ಮಾಡಿಸಿ, ಸೀಟುಗಳನ್ನು ಮನೆಯಲ್ಲಿ ಜೋಪಾನವಾಗಿಡಿ. ಆರ್‌ಸಿ ನವೀಕರಣದ ಫಿಟ್‌ನೆಸ್ ಪರೀಕ್ಷೆಗೆ ಹೋಗುವಾಗ ಮರಳಿ ಕೂರಿಸಬೇಕು. ಗಾಡಿಯ ಹೊರ ಉದ್ದವೇ 3,370 ಮಿ.ಮೀ., ಅಗಲ 1,410. ಎತ್ತರದವರು ಮುಂದಿನ ಎಡ ಸೀಟನ್ನು ಮಡಚಿ ಕಾಲು ಚಾಚಬೇಕಾದೀತು. ಅಲ್ಯೂಮಿನಿಯಂ ಚೌಕ ಪೈಪಿನ ಚೌಕಟ್ಟು, ಮೇಲೆ 9 ಮಿ.ಮೀ. ಮರೀನ್ ಪ್ಲೈ ಸಾಕು. 35ರ ಆಸುಪಾಸು ಹಾರ್ಸ್‌ಪವರಿನ ಗಾಡಿಗೆ ಬೀಟೆಯ ಕಪಾಟು ಹೊರಿಸಿದರೆ ಘಾಟಿಯಲ್ಲಿ ಎರಡನೇ ಗೇರೂ ಎಳೆಯುವುದಿಲ್ಲ.

ಕರೆಂಟಿಗೆ 12.8 ವೋಲ್ಟ್, 50 ಎಎಚ್ (ಆಂಪಿಯರ್‌ಅವರ್) ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ, ಅಂದರೆ 640 ವಾಟ್‌ಅವರ್. 15 ವಾಟಿನ ಫ್ಯಾನ್ ಎಂಟು ಗಂಟೆಗೆ 120, ದೀಪ, ಫೋನ್ ಸೇರಿ ಇನ್ನೊಂದು 50. ಮೂರು ರಾತ್ರಿ ಆರಾಮ. ಇದನ್ನು ಗಾಡಿಯ ಬ್ಯಾಟರಿಗೆ ನೇರ ಜೋಡಿಸಿದರೆ ಮಿತಿಮೀರಿ ಕರೆಂಟ್ ಎಳೆದು ಆಲ್ಟರ್ನೇಟರ್ (ಎಂಜಿನ್ ತಿರುಗಿಸುವ ಕರೆಂಟ್ ಜನರೇಟರ್) ಸುಡಬಹುದು. ನಡುವೆ, ಎಳೆಯುವ ಕರೆಂಟನ್ನು ಮಿತಿಯಲ್ಲಿಡುವ 10 ಆಂಪಿಯರ್‌ನ ಡಿಸಿ-ಡಿಸಿ ಚಾರ್ಜರ್, 6 ಚ.ಮಿ.ಮೀ. ವೈರ್, ಎರಡೂ ಬ್ಯಾಟರಿಯ ಬುಡದಲ್ಲೇ 20 ಆಂಪಿಯರ್ ಫ್ಯೂಸ್ ಇರಲಿ.

ಮಾಡಿನ ಒಳಗೆ 10 ಮಿ.ಮೀ. ನೈಟ್ರೈಲ್ ರಬ್ಬರ್ ಹಾಳೆ ಅಂಟಿಸಿದರೆ ಬಿಸಿಲಿಗೂ ಮಳೆಯ ಸದ್ದಿಗೂ ಆಗುತ್ತದೆ. ರಾಕ್‌ವೂಲ್ ನಮ್ಮ ಹವೆಗಲ್ಲ, ನೀರು ಹೀರಿ ತಗಡಿಗೇ ಅಂಟಿ ಕೂರುತ್ತದೆ. ಬಾಗಿಲುಗಳ ತಳದ ನೀರಿಳಿಯುವ ತೂತುಗಳನ್ನು ಮುಚ್ಚಬೇಡಿ. ಗ್ಯಾಸ್ ಒಲೆ ಒಳಗೆ ಹಚ್ಚಲೇಬಾರದು. ಡಿಕ್ಕಿ ಬಾಗಿಲು ಮೇಲಕ್ಕೆ ತೆರೆಯುವುದರಿಂದ ಅದರಡಿಯಲ್ಲಿ ನಿಂತು ಹನಿಮಳೆಗೂ ಚಹಾ ಕಾಸಬಹುದು.

ತಳದ ಕೋಟಿಂಗನ್ನು ತುಕ್ಕಿನ ಮೇಲೆಯೇ ಬಳಿಯುವ ವರ್ಕ್‌ಶಾಪಿಗೆ ಕೊಡಬೇಡಿ. ತಂತಿ ಬ್ರಷ್‌ನಿಂದ ಉಜ್ಜಿ, ಜಿಂಕ್ ಪ್ರೈಮರ್ ಬಳಿದು ಒಣಗಿದ ಮೇಲಷ್ಟೇ ಕೋಟಿಂಗ್. ಈ ಕೆಲಸ ಜನವರಿಯಿಂದ ಏಪ್ರಿಲ್ ಒಳಗೆ ಮುಗಿಯಬೇಕು, ಎಡವಪ್ಪಾತಿ (ಮುಂಗಾರು ಮಳೆ) ಹಿಡಿದ ಮೇಲೆ ತಗಡು ಒಣಗುವುದಿಲ್ಲ.